ಕಪ್ಪಾದ ಎಣ್ಣೆ: ಹಳೆಯ ಟ್ರ್ಯಾಕ್ಟರುಗಳ ಎಂಜಿನ್ ಆಯಿಲಿನ ಚರಿತ್ರೆ

ಹಳೆಯ ಟ್ರ್ಯಾಕ್ಟರಿಗೆ ಯಾವ ಎಂಜಿನ್ ಆಯಿಲ್ ಹಾಕಬೇಕು ಎಂಬ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಎರಡು ನಂಬಿಕೆಗಳು ಬಲವಾಗಿ ಬೇರೂರಿವೆ. ಆಯಿಲ್ ಬೇಗ ಕಪ್ಪಾದರೆ ಅದು ಕಳಪೆ ಮಾಲು ಎಂಬುದು ಮೊದಲನೆಯದು. ಹಳೆಯ ಎಂಜಿನ್ನಿಗೆ ಹಳೆಯ ಕಾಲದ ಸಾದಾ ಆಯಿಲೇ ಒಗ್ಗುತ್ತದೆ, ಹೊಸ ಬಗೆಯದನ್ನು ಹಾಕಿದರೆ ಎಂಜಿನ್ ಕೆಟ್ಟುಹೋಗುತ್ತದೆ ಎಂಬುದು ಎರಡನೆಯದು. ಮೂವತ್ತು ವರ್ಷಗಳಿಗೂ ಮಿಕ್ಕಿ ಭದ್ರಾ ಅಚ್ಚುಕಟ್ಟಿನ ಊರೊಂದರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟ ನಾನು ಯಂತ್ರಶಾಸ್ತ್ರ ಬಲ್ಲವನಲ್ಲ. ಆದರೆ ಇತಿಹಾಸದ ಮೇಷ್ಟ್ರಿಗೆ ಒಂದು ಚಟವಿರುತ್ತದೆ. ಯಾವ ನಂಬಿಕೆ ಕಿವಿಗೆ ಬಿದ್ದರೂ ಅದು ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು ಎಂದು ಕೇಳದೆ ಬಿಡಲಾರ. ಹಾಗೆ ಕೇಳುತ್ತ, ಓದುತ್ತ ಹೋದಾಗ ತಿಳಿದುಬಂದದ್ದು ಇಷ್ಟು: ಈ ಎರಡೂ ನಂಬಿಕೆಗಳು ಒಂದು ಕಾಲಕ್ಕೆ ನಿಜವೇ ಆಗಿದ್ದವು. ಆದರೆ ಆ ಕಾಲ ನಮ್ಮ ಟ್ರ್ಯಾಕ್ಟರುಗಳ ಕಾಲವಲ್ಲ.

ಇದು ಬರಿಯ ಕುತೂಹಲದ ಮಾತೂ ಅಲ್ಲ. ಮೂರ್ನಾಲ್ಕು ಎಕರೆಯ ರೈತರ ಮನೆಗಳಲ್ಲಿ 1970, 80ರ ದಶಕದ ಟ್ರ್ಯಾಕ್ಟರುಗಳು ಇಂದಿಗೂ ದುಡಿಯುತ್ತಿವೆ. ಅಪ್ಪ ಪಿ.ಎಲ್.ಡಿ. ಬ್ಯಾಂಕಿನಲ್ಲಿ ಜಮೀನು ಅಡವಿಟ್ಟು ತಂದದ್ದನ್ನು ಮಗ ಓಡಿಸುತ್ತಿರುತ್ತಾನೆ. ಹೊಸದನ್ನು ಕೊಳ್ಳುವುದೆಂದರೆ ಮತ್ತೆ ಹಲವು ಲಕ್ಷಗಳ ಸಾಲ. ನಾಟಿಯ ಹೊತ್ತಿಗೆ ಸರಿಯಾಗಿ ಎಂಜಿನ್ ಜಾಮ್ ಆಯಿತೆಂದರೆ, ಕಾಲುವೆಯಲ್ಲಿ ನೀರಿದ್ದೂ ಗದ್ದೆ ಬೀಳು. ಆ ಎಂಜಿನ್ನಿನ ಆಯುಷ್ಯ ನಿಂತಿರುವುದು ಕೆಲವೇ ಲೀಟರ್ ಎಣ್ಣೆಯ ಮೇಲೆ.

ಟ್ರ್ಯಾಕ್ಟರಿಗಿಂತ ಮುಂಚೆ ನಮ್ಮಲ್ಲಿದ್ದದ್ದು ಎತ್ತಿನ ಬಂಡಿ, ಅದಕ್ಕೊಂದು ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಅಡಿಗೆ ನೇತುಹಾಕುತ್ತಿದ್ದರು. (ಆ ಕೀಲೆಣ್ಣೆ ಹುಟ್ಟುವಾಗಲೇ ಕಪ್ಪು. ಅದು ಕಪ್ಪಗಿದೆಯೆಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ!) ನಮ್ಮ ಹರಳೆಣ್ಣೆಯೇನೂ ಸಾಮಾನ್ಯವಾದದ್ದಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ 1899ರಲ್ಲಿ ಸ್ಥಾಪಿಸಿದ ಕಂಪನಿ, ಹತ್ತು ವರ್ಷಗಳ ನಂತರ ತನ್ನ ಎಂಜಿನ್ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟಿತು. ಆ ಹೆಸರು ಬಂದದ್ದು ಅದರಲ್ಲಿ ಬೆರೆಸುತ್ತಿದ್ದ ಕ್ಯಾಸ್ಟರ್ ಎಣ್ಣೆಯಿಂದ, ಅಂದರೆ ಹರಳೆಣ್ಣೆಯಿಂದ. ಹರಳೆಣ್ಣೆ ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಆದರೆ ಬಹಳ ಕಾಲ ಕಾದರೆ ಗೋಂದಿನಂತೆ ಗಟ್ಟಿಯಾಗುತ್ತದೆ. ಆದಕಾರಣ ಹೊಲದಲ್ಲಿ ದಿನಗಟ್ಟಲೆ ದುಡಿಯುವ ಎಂಜಿನ್ನುಗಳಿಗೆ ಕಲ್ಲೆಣ್ಣೆಯಿಂದ ತೆಗೆದ ಖನಿಜ ತೈಲವೇ ಗತಿಯಾಯಿತು.

ಈಗ ಟ್ರ್ಯಾಕ್ಟರಿನ ಕಥೆಗೆ ಬರೋಣ. 1917ರಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯಿಂದ ‘ಫೋರ್ಡ್‌ಸನ್’ ಎಂಬ ಟ್ರ್ಯಾಕ್ಟರ್ ಹೊರಬಂತು. ಮಹಾಯುದ್ಧದಲ್ಲಿ ಆಹಾರಕ್ಕೆ ತತ್ವಾರವಾಗಿದ್ದ ಬ್ರಿಟನ್ ಒಮ್ಮೆಗೇ 6000 ಟ್ರ್ಯಾಕ್ಟರುಗಳಿಗೆ ಬೇಡಿಕೆ ಸಲ್ಲಿಸಿತು. ಅಗ್ಗದ, ಸರಳವಾದ ಯಂತ್ರ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕಿತ್ತು. ಅದರ ಎಂಜಿನ್ನಿಗೆ ಆಯಿಲ್ ಪಂಪು ಇರಲಿಲ್ಲ, ಆಯಿಲ್ ಫಿಲ್ಟರೂ ಇರಲಿಲ್ಲ. ತಿರುಗುವ ಭಾಗಗಳು ಕೆಳಗಿನ ಚೇಂಬರಿನ ಎಣ್ಣೆಯನ್ನು ಚಿಮ್ಮಿಸುತ್ತಿದ್ದವು, ಹಾಗೆ ಚಿಮ್ಮಿದ ಎಣ್ಣೆಯೇ ಎಲ್ಲ ಕಡೆಗೂ ತಲುಪಬೇಕಿತ್ತು. ಇಂಥ ಎಂಜಿನ್ನಿನಲ್ಲಿ ಹುಟ್ಟಿದ ಮಸಿ, ಲೋಹದ ಪುಡಿ, ಒಳಹೊಕ್ಕ ಧೂಳು ಇವೆಲ್ಲ ಎಲ್ಲಿಗೆ ಹೋಗಬೇಕು? ಕೊಳದ ತಳಕ್ಕೆ ಹೂಳು ಇಳಿಯುವಂತೆ ಚೇಂಬರಿನ ತಳಕ್ಕೆ ಇಳಿಯಬೇಕು. ಯಾವ ರಾಸಾಯನಿಕವನ್ನೂ ಬೆರೆಸದ ಸಾದಾ ಎಣ್ಣೆಯಲ್ಲಿ ಹಾಗೆ ಇಳಿಯುತ್ತಿತ್ತು. ಮೇಲಿನ ಎಣ್ಣೆ ತಿಳಿಯಾಗಿ ಉಳಿಯುತ್ತಿತ್ತು. ಕೊಳೆಯನ್ನು ತೇಲಿಸಿಡುವ ಎಣ್ಣೆಯನ್ನು ಹಾಕಿದ್ದರೆ, ಹಿಡಿದಿಡುವ ಫಿಲ್ಟರ್ ಇಲ್ಲದ್ದರಿಂದ ಕೊಳೆ ಎಣ್ಣೆಯೊಡನೆ ಸುತ್ತುತ್ತಲೇ ಇರುತ್ತಿತ್ತು. ‘ತಿಳಿ ಎಣ್ಣೆ ಒಳ್ಳೆಯದು, ಸಾದಾ ಎಣ್ಣೆ ಒಳ್ಳೆಯದು’ ಎಂಬ ಮಾತು ಈ ಬಗೆಯ ಎಂಜಿನ್ನುಗಳಿಗೆ ತಕ್ಕುದಾಗಿತ್ತು.

ಸೀಮೆಎಣ್ಣೆಯ ಟ್ರ್ಯಾಕ್ಟರುಗಳಲ್ಲಿ ಇನ್ನೊಂದು ಪೀಡೆಯಿತ್ತು. ಪೂರ್ತಿ ಉರಿಯದ ಸೀಮೆಎಣ್ಣೆ ಪಿಸ್ಟನ್ ರಿಂಗುಗಳ ಸಂದಿನಿಂದ ಜಾರಿ ಚೇಂಬರಿನ ಎಣ್ಣೆಗೆ ಸೇರುತ್ತಿತ್ತು. ಎಣ್ಣೆ ತೆಳ್ಳಗಾಗುತ್ತಿತ್ತು, ಆದರೆ ಅದರ ಮಟ್ಟ ಇಳಿಯುವ ಬದಲು ಏರುತ್ತಿತ್ತು. ‘ನಮ್ಮ ಟ್ರ್ಯಾಕ್ಟರ್ ಆಯಿಲನ್ನೇ ಕುಡಿಯುವುದಿಲ್ಲ’ ಎಂದು ಹಿಗ್ಗುತ್ತಿದ್ದ ರೈತ, ತಿಳಿಯದೆಯೇ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಫರ್ಗ್ಯುಸನ್ ಟಿ.ಇ. 20 ಟ್ರ್ಯಾಕ್ಟರುಗಳಲ್ಲೂ ಸೀಮೆಎಣ್ಣೆಯಂಥ ಇಂಧನದ ಮಾದರಿಯೊಂದಿತ್ತು. ಇಂಥ ಯಂತ್ರಗಳಿಗೆ ಎಣ್ಣೆಯನ್ನು ಬೇಗ ಬೇಗ ಬದಲಿಸಲೇಬೇಕಿತ್ತು.

ಎಣ್ಣೆಯ ಡಬ್ಬಿಯ ಮೇಲಿನ ಅಂಕಿಗಳ ವಿಷಯವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು (ಎಸ್.ಎ.ಇ. ಎಂದರೆ ಇದೇ) 1911ರಲ್ಲಿಯೇ ಎಂಜಿನ್ ಎಣ್ಣೆಗಳ ಬಗ್ಗೆ ನಿಯಮಗಳನ್ನು ಹೊರಡಿಸಿತು. ಇಪ್ಪತ್ತರ ದಶಕದಲ್ಲಿ ಸ್ನಿಗ್ಧತೆಯನ್ನು, ಎಂದರೆ ಎಣ್ಣೆಯ ಮಂದವನ್ನು, ಆಧಾರವಾಗಿಟ್ಟುಕೊಂಡು 20, 30, 40 ಎಂಬ ದರ್ಜೆಗಳು ನೆಲೆಗೊಂಡವು. ‘ಡಬ್ಲ್ಯು’ ಎಂಬ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅನೇಕರು ತಿಳಿದಿರುವಂತೆ ‘15ಡಬ್ಲ್ಯು-40’ ಎಂದರೆ ನೀರಿನಂಥ ಎಣ್ಣೆಯಲ್ಲ. ಎಂಜಿನ್ ಕಾದು ಎಣ್ಣೆ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದೂ ಹಳೆಯ 40ನೆಯ ನಂಬರಿನ ಎಣ್ಣೆಯೂ ಮಂದದಲ್ಲಿ ಒಂದೇ ವರ್ಗಕ್ಕೆ ಸೇರಿದವು. ವ್ಯತ್ಯಾಸವಿರುವುದು ತಣ್ಣಗಿರುವಾಗ ಮಾತ್ರ. 15ಡಬ್ಲ್ಯು ದರ್ಜೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯು ದರ್ಜೆಯನ್ನು 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಎಡ್ಮಂಡ್ ಹಿಲರಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನು ಓಡಿಸಿಕೊಂಡು 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲುಪಿದಾಗ ಆ ಲೆಕ್ಕ ಬೇಕಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿಗಾಗಲಿ, ಮಾಘದ ಬೆಳಗಿನ ಮಡಿಕೇರಿಗಾಗಲಿ 15 ಇರಲಿ 20 ಇರಲಿ ದೊಡ್ಡ ಅಂತರವಿಲ್ಲ. ಕೊನೆಯ 40 ಮುಖ್ಯ, ಕೈಪಿಡಿ 30 ಎಂದಿದ್ದರೆ ಆ 30 ಮುಖ್ಯ.

ನಂಬಿಕೆ ತಲೆಕೆಳಗಾದದ್ದು 1930ರ ದಶಕದಲ್ಲಿ. ಹಾಗೆ ಮಾಡಿದ್ದೂ ಒಂದು ಟ್ರ್ಯಾಕ್ಟರೇ ಎಂಬುದು ಈ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಡೀಸೆಲ್ ಎಂಜಿನ್ನಿನ ಸರಪಳಿ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ಡೀಸೆಲ್ ಎಂಜಿನ್ನಿನ ಒಳಗಿನ ಒತ್ತಡ ಹೆಚ್ಚು, ಮಸಿಯೂ ಹೆಚ್ಚು. ಟ್ರ್ಯಾಕ್ಟರಿನ ದುಡಿಮೆಯೋ, ಲಾರಿಯಂತೆ ಇಳಿಜಾರಿನಲ್ಲಿ ಉಸಿರು ಬಿಡುವ ಬಗೆಯದಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಎಳೆತ. ಸಾದಾ ಎಣ್ಣೆ ಆ ಕಾವಿನಲ್ಲಿ ಸುಟ್ಟು ಅರಗಿನಂತಾಗಿ ಪಿಸ್ಟನ್ನಿನ ಗಾಡಿಗಳಲ್ಲಿ ರಿಂಗುಗಳನ್ನು ಅಂಟಿಸಿಬಿಡುತ್ತಿತ್ತು. ರಿಂಗು ಅಂಟಿಕೊಂಡರೆ ಬಿಗಿ ಹೋಗುತ್ತದೆ, ಬಿಗಿ ಹೋದರೆ ಬಲ ಹೋಗುತ್ತದೆ, ಕೊನೆಗೆ ಸಿಲಿಂಡರ್ ಗೀರುತ್ತದೆ. ಎಣ್ಣೆಯನ್ನು ಎಷ್ಟು ಶುದ್ಧೀಕರಿಸಿದರೂ ಈ ರೋಗ ವಾಸಿಯಾಗಲಿಲ್ಲ. ಕಡೆಗೆ ಎಣ್ಣೆಯ ಕಂಪನಿಯವರು ಕಂಡುಕೊಂಡ ಮದ್ದು ಒಂದು ಬಗೆಯ ಸಾಬೂನು! ಎಣ್ಣೆಯಲ್ಲಿ ಕರಗುವ, ಲೋಹದ ಅಂಶವುಳ್ಳ ಸಾಬೂನಿನಂಥ ವಸ್ತುವನ್ನು ಅದರಲ್ಲಿ ಬೆರೆಸಿದರು. ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1935ರಲ್ಲಿ ‘ಡೆಲೊ’ ಎಂಬ ಹೆಸರಿನಲ್ಲಿ ಡೀಸೆಲ್ ಎಂಜಿನ್ನಿಗಾಗಿಯೇ ಎಣ್ಣೆ ತಂದಿತು. ಎಣ್ಣೆಗೆ ಅಲ್ಲಿಯವರೆಗೆ ಇದ್ದ ಕೆಲಸ ಜಾರಿಸುವುದು ಮತ್ತು ತಂಪು ಮಾಡುವುದು. ಅಲ್ಲಿಂದ ಮುಂದೆ ಒಗೆಯುವ ಕೆಲಸವೂ ಸೇರಿತು. ಪಿಸ್ಟನ್ನಿಗೆ ಮಸಿ ಅಂಟದಂತೆ ತೊಳೆದು, ಆ ಮಸಿ ಗಂಟುಕಟ್ಟದಂತೆ ತನ್ನೊಳಗೆ ಸಣ್ಣ ಕಣಗಳಾಗಿ ತೇಲಿಸಿಟ್ಟುಕೊಳ್ಳುವುದು ಅದರ ಕರ್ತವ್ಯವಾಯಿತು. ಹೀಗೆ ತೇಲುವ ಮಸಿಯಿಂದಲೇ ಎಣ್ಣೆ ಕಪ್ಪಾಗುವುದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಆಯಿಲ್ ಕಡ್ಡಿಯನ್ನು ಹಿಡಿದುಕೊಂಡೇ ಮನೆಗೆ ಬಂದ. “ನೋಡಿ ಮೇಷ್ಟ್ರೇ, ಹಾಕಿಸಿ ಎರಡು ದಿನ ಆಗಿಲ್ಲ, ಆಗಲೇ ಕಾಡಿಗೆ ಆಗಿದೆ. ಅಂಗಡಿಯವನು ಮೋಸ ಮಾಡಿದ” ಎಂದ. “ನಿಮ್ಮವ್ವ ಸೋಪು ಹಾಕಿ ನಿನ್ನ ಗದ್ದೆಯ ಬಟ್ಟೆ ಒಗೆದ ಮೇಲೆ ಬಕೀಟಿನ ನೀರು ಕಪ್ಪಾದರೆ, ಸೋಪು ಕೆಟ್ಟದ್ದು ಅನ್ನುತ್ತಾಳೇನಯ್ಯಾ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕಪ್ಪಾಗದಿದ್ದರೆ ಭಯ ಪಡಬೇಕು ಅನ್ನಿ” ಎಂದ. ತರಗತಿಯಲ್ಲಿ ಅವನು ಅಷ್ಟು ಬೇಗ ಯಾವುದನ್ನೂ ಗ್ರಹಿಸಿದ್ದು ನನಗೆ ನೆನಪಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತನ್ನ ವಾಹನಗಳಿಗೆ ಇಂಥ ತೊಳೆಯುವ ಎಣ್ಣೆಗಳನ್ನೇ ಗೊತ್ತುಪಡಿಸಿತು. ಅದೇ ಕಾಲದಲ್ಲಿ, ಸತು ಮತ್ತು ರಂಜಕಗಳು ಸೇರಿದ, ಸವೆತವನ್ನು ತಡೆಯುವ ರಾಸಾಯನಿಕವೂ ಎಣ್ಣೆಗೆ ಬಂತು. 1947ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ (ಎ.ಪಿ.ಐ.) ಎಣ್ಣೆಗಳನ್ನು ಸಾದಾ, ಉತ್ತಮ, ಭಾರಿ ದುಡಿಮೆಯದು ಎಂದು ಮೂರು ವರ್ಗಗಳಾಗಿ ವಿಂಗಡಿಸಿತು.

ಆ ಹೊತ್ತಿಗೆ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂತು. ಅಮೆರಿಕದ ಸೈನ್ಯ ಬಿಟ್ಟುಹೋದ ಸರಪಳಿ ಟ್ರ್ಯಾಕ್ಟರುಗಳನ್ನು ಇಟ್ಟುಕೊಂಡು ಕೇಂದ್ರ ಟ್ರ್ಯಾಕ್ಟರ್ ಸಂಘಟನೆ ಮಧ್ಯಭಾರತದ ಕಡೆ ‘ಕಾನ್ಸ್’ ಎಂಬ ಹಠಮಾರಿ ಹುಲ್ಲು ಹಬ್ಬಿದ ಭೂಮಿಯನ್ನು ಉಳಲು ಹೊರಟಿತು. 1949ರಲ್ಲಿ ಇದೇ ಕೆಲಸದ ಯಂತ್ರಗಳಿಗಾಗಿ ವಿಶ್ವಬ್ಯಾಂಕ್ ನಮಗೆ ಒಂದು ಕೋಟಿ ಡಾಲರ್ ಸಾಲ ಕೊಟ್ಟಿತು. ನಮ್ಮಲ್ಲಿಯೇ ಟ್ರ್ಯಾಕ್ಟರ್ ತಯಾರಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಹೊರಬಂತು. ಮದರಾಸಿನಲ್ಲಿ 1960ರಲ್ಲಿ ಸ್ಥಾಪಿತವಾದ ಟಾಫೆ ಕಂಪನಿ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನು ತಯಾರಿಸಿತು. ಇಂಗ್ಲೆಂಡಿನ ಡಾಂಕಾಸ್ಟರಿನಲ್ಲಿ ಹುಟ್ಟಿದ ಬಿ-275 ಮಾದರಿ ಅರವತ್ತರ ದಶಕದಲ್ಲಿ ಮಹೀಂದ್ರದವರ ಮೂಲಕ ನಮ್ಮದಾಯಿತು. ಗಡಿಯಾರದಿಂದ ಮನೆಮಾತಾಗಿದ್ದ ನಮ್ಮ ಬೆಂಗಳೂರಿನ ಎಚ್.ಎಂ.ಟಿ. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಜೆಟೋರ್ 2511 ಮಾದರಿಯನ್ನು ತಯಾರಿಸತೊಡಗಿತು. ಆ ಎರಡು ಸಿಲಿಂಡರಿನ ‘ಜೆಟೋರ್’ ಸದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.

ಈ ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ತೊಳೆಯುವ ಎಣ್ಣೆ ಬಂದದ್ದು 1935ರಲ್ಲಿ. ನಮ್ಮ ಮೊದಲ ಟ್ರ್ಯಾಕ್ಟರ್ 1959ರದ್ದು. ನಾವು ‘ಹಳೆಯ ಗಾಡಿ’ ಎಂದು ಕರೆಯುವ ಪ್ರತಿಯೊಂದು ಎಂಜಿನ್ನೂ ಹೊಸ ಬಗೆಯ ಎಣ್ಣೆ ಬಂದು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳಾದ ಮೇಲೆ ಹುಟ್ಟಿದ್ದು. ಅವೆಲ್ಲ ಡೀಸೆಲ್ ಎಂಜಿನ್ನುಗಳು, ಪಂಪೂ ಫಿಲ್ಟರೂ ಉಳ್ಳವು. ಫೋರ್ಡ್‌ಸನ್ನಿನ ಕಾಲದ ಬುದ್ಧಿವಾದ ಇವಕ್ಕೆ ಅನ್ವಯಿಸುವುದೇ ಇಲ್ಲ. ಯಾವ ರಾಸಾಯನಿಕವೂ ಇಲ್ಲದ ‘ಎಸ್.ಎ.’ ದರ್ಜೆಯ ಸಾದಾ ಎಣ್ಣೆಯ ಬಗ್ಗೆ ಎ.ಪಿ.ಐ. ಸಂಸ್ಥೆಯೇ ಎಚ್ಚರಿಕೆ ಕೊಟ್ಟಿದೆ. 1930ರ ನಂತರ ತಯಾರಾದ ಬಹುಪಾಲು ಪೆಟ್ರೋಲ್ ಎಂಜಿನ್ನುಗಳಿಗೂ ಅದು ತಕ್ಕದ್ದಲ್ಲವಂತೆ. ಪೆಟ್ರೋಲಿಗೇ ಆಗದ್ದು ಡೀಸೆಲ್ಲಿಗೆ ಹೇಗಾದೀತು? ಹಾಗಿದ್ದರೂ ಆ ನಂಬಿಕೆ ನಮ್ಮಲ್ಲಿ ಉಳಿದದ್ದೇಕೆ ಎಂದರೆ, ಸಾದಾ ಎಣ್ಣೆ ಅಗ್ಗ. ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಇನ್ನೂ ಅಗ್ಗ. ಅಗ್ಗದ್ದನ್ನು ಕೊಂಡವನಿಗೆ ಒಂದು ಸಮರ್ಥನೆ ಬೇಕಾಗುತ್ತದೆ ಎಂದು ನನ್ನ ಅನಿಸಿಕೆ.

ಆದರೂ ಹಳ್ಳಿಯವರ ಭಯವನ್ನು ಪೂರ್ತಿ ತಳ್ಳಿಹಾಕಲಾರೆ. ನಮ್ಮ ಸಂಬಂಧಿಕರೊಬ್ಬರ ಟ್ರ್ಯಾಕ್ಟರಿಗೆ ವರ್ಷಾನುಗಟ್ಟಲೆ ಲೂಸ್ ಆಯಿಲನ್ನೇ ಹಾಕುತ್ತಿದ್ದರು. ಓದಿದ ಮಗ ಊರಿಗೆ ಮರಳಿದವನು ಉತ್ತಮ ದರ್ಜೆಯ ಆಯಿಲ್ ತಂದು ಸುರಿದ. ಕೆಲವೇ ದಿನಗಳಲ್ಲಿ ಆಯಿಲ್ ಪ್ರೆಷರಿನ ಮುಳ್ಳು ಕುಸಿಯಿತು. ಚೇಂಬರ್ ಬಿಚ್ಚಿದರೆ ಪಂಪಿನ ಬಾಯಿಯ ಜಾಲರಿಯ ತುಂಬ ಡಾಂಬರಿನಂಥ ಜಿಡ್ಡು, ಬೇರಿಂಗುಗಳಲ್ಲಿ ಗೀರು. ಗೋಡೆಗಳಿಗೆ ಅಂಟಿದ್ದ ಹಳೆಯ ಹೂಳನ್ನೆಲ್ಲ ಹೊಸ ಎಣ್ಣೆ ಒಮ್ಮೆಲೇ ಸಡಿಲಿಸಿ ಜಾಲರಿಗೆ ತಂದು ಹಾಕಿತ್ತು. ಮನೆಯವರೆಲ್ಲ ಹೊಸ ಆಯಿಲನ್ನೂ ಮಗನನ್ನೂ ಶಪಿಸಿದರು. ನನ್ನ ದೃಷ್ಟಿಯಲ್ಲಿ ದೋಷ ಸೋಪಿನದಲ್ಲ, ಇಷ್ಟು ವರ್ಷ ಒಗೆಯದೆ ಇಟ್ಟದ್ದರದು. ಇಂಥ ಗಾಡಿಗೆ ಎಣ್ಣೆ ಬದಲಿಸುವ ಮುನ್ನ ಚೇಂಬರನ್ನು ಇಳಿಸಿ, ಜಾಲರಿಯನ್ನೂ ತಳವನ್ನೂ ಡೀಸೆಲ್ಲಿನಲ್ಲಿ ತೊಳೆಸಬೇಕು. ಹೊಸ ಫಿಲ್ಟರ್ ಹಾಕಬೇಕು. ಮೊದಲ ಸಲದ ಎಣ್ಣೆಯನ್ನು ಇಪ್ಪತ್ತು ಮೂವತ್ತು ಗಂಟೆಯ ಕೆಲಸಕ್ಕೇ ಇಳಿಸಿ, ಫಿಲ್ಟರನ್ನು ಮತ್ತೊಮ್ಮೆ ಬದಲಿಸಬೇಕು. ಅಷ್ಟೂ ದಿನ ಪ್ರೆಷರಿನ ಮುಳ್ಳಿನ ಮೇಲೆ ಕಣ್ಣಿರಬೇಕು. ಮುಳ್ಳು ಕೆಟ್ಟಿದ್ದರೆ (ಹಲವು ಗಾಡಿಗಳಲ್ಲಿ ಕೆಟ್ಟೇ ಇರುತ್ತದೆ) ಮೊದಲು ಅದನ್ನು ಸರಿಮಾಡಿಸಬೇಕು.

ಇನ್ನು ಡಬ್ಬಿಯ ಹಿಂಬದಿಯ ಅಕ್ಷರಗಳು. ಎ.ಪಿ.ಐ. 1970ರ ಸುಮಾರಿಗೆ ಜಾರಿಗೆ ತಂದ ಪದ್ಧತಿಯಲ್ಲಿ ‘ಎಸ್’ ಎಂದು ಮೊದಲಾಗುವವು ಪೆಟ್ರೋಲ್ ಎಂಜಿನ್ನಿನವು, ‘ಸಿ’ ಎಂದು ಮೊದಲಾಗುವವು ಡೀಸೆಲ್ಲಿನವು. ನಮ್ಮ ಹಳೆಯ ಟ್ರ್ಯಾಕ್ಟರುಗಳ ಕಾಲಕ್ಕೆ ಸೇರಿದವು ಸಿ.ಸಿ., ಸಿ.ಡಿ. ದರ್ಜೆಗಳು. ಮುಂದೆ 1990ರಲ್ಲಿ ಸಿಎಫ್-4, 1998ರಲ್ಲಿ ಸಿಎಚ್-4, 2002ರಲ್ಲಿ ಸಿಐ-4 ಬಂದವು. ಸಿಐ-4 ಎಣ್ಣೆಯನ್ನು ಸಿ.ಡಿ. ಎಣ್ಣೆಯ ಜಾಗದಲ್ಲಿ ಬಳಸಬಹುದೆಂದು ಆ ಸಂಸ್ಥೆಯೇ ಹೇಳಿದೆ. ಕಾರಿಗೆಂದು ತಂದ ದುಬಾರಿ ಪೆಟ್ರೋಲ್ ಎಂಜಿನ್ ಆಯಿಲ್ ಉಳಿದಿದೆಯೆಂದು ಟ್ರ್ಯಾಕ್ಟರಿಗೆ ಸುರಿಯುವುದು ಮಾತ್ರ ಬೇಡ. ಹೊಗೆಯನ್ನು ಶುದ್ಧಮಾಡುವ ಸಾಧನ ಕೆಡದಿರಲೆಂದು ಅಂಥ ಎಣ್ಣೆಗಳಲ್ಲಿ ರಂಜಕದ ಪ್ರಮಾಣವನ್ನು ಇಳಿಸಿದ್ದಾರೆ. ಹಳೆಯ ಎಂಜಿನ್ನಿನ ಕ್ಯಾಮ್ ಮತ್ತು ಟ್ಯಾಪೆಟ್ಟುಗಳಿಗೆ ಆ ರಂಜಕವೇ ರಕ್ಷೆ.

ಗಂಧಕದ ಮಾತನ್ನೂ ಹೇಳಬೇಕು. 1996ಕ್ಕೆ ಮುಂಚೆ ನಮ್ಮ ಡೀಸೆಲ್ಲಿನಲ್ಲಿ ಶೇಕಡ 1ರವರೆಗೆ ಗಂಧಕವಿರಬಹುದಿತ್ತು. ಅದು ಉರಿದು ಆಮ್ಲವಾಗಿ ಎಂಜಿನ್ನನ್ನು ತಿನ್ನುತ್ತಿತ್ತು. ಎಣ್ಣೆಯಲ್ಲಿರುವ ಕ್ಷಾರ ಆ ಆಮ್ಲವನ್ನು ಕೊಲ್ಲುತ್ತ ತಾನೂ ಖರ್ಚಾಗುತ್ತಿತ್ತು. 2000ದ ಹೊತ್ತಿಗೆ ಈ ಮಿತಿ ಶೇಕಡ 0.25ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಹತ್ತು ಲಕ್ಷ ಭಾಗಕ್ಕೆ ಕೇವಲ 10 ಭಾಗ, ಅಂದರೆ ಹಳೆಯದರ ಸಾವಿರದಲ್ಲೊಂದು ಪಾಲು. ಹಳೆಯ ಟ್ರ್ಯಾಕ್ಟರಿನ ಎಣ್ಣೆಗೆ ಇಷ್ಟು ಹಗುರವಾದ ಕಾಲ ಹಿಂದೆಂದೂ ಇರಲಿಲ್ಲ. ಹಾಗೆಂದು ಬದಲಿಸುವ ಅವಧಿಯನ್ನು ಎಳೆಯುವುದು ಸಲ್ಲದು. ಗಂಧಕ ಹೋದರೂ ಧೂಳು, ಮಸಿ, ಸವೆದ ರಿಂಗುಗಳು ಹಾಗೆಯೇ ಇವೆ. ಕೈಪಿಡಿ ಹೇಳಿದ ಗಂಟೆಗಳೇ ಲೆಕ್ಕ. ಗಂಟೆಯ ಮೀಟರ್ ನಿಂತು ವರ್ಷಗಳಾಗಿದ್ದರೆ ಡೀಸೆಲ್ಲಿನಿಂದ ಲೆಕ್ಕ ಹಾಕಬಹುದು. ಗಂಟೆಗೆ ಮೂರು ನಾಲ್ಕು ಲೀಟರ್ ಕುಡಿಯುವ ಗಾಡಿಯಾದರೆ 300 ಲೀಟರ್ ಮುಗಿಯುವ ಹೊತ್ತಿಗೆ ನೂರರ ಸಮೀಪ ಬಂದಿರುತ್ತದೆ.

ಹಾಗಾದರೆ ಎಣ್ಣೆ ನಿಜವಾಗಿ ಕೆಟ್ಟದ್ದನ್ನು ತಿಳಿಯುವುದು ಹೇಗೆ? ಬಣ್ಣ ಕಪ್ಪಾಗಿರುವುದರಿಂದ ಏನೂ ತಿಳಿಯದು. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಬೆರಳಲ್ಲಿ ತಿಕ್ಕಿದಾಗ ನೀರುನೀರಾಗಿ ಡೀಸೆಲ್ ವಾಸನೆ ಬಂದರೆ, ಕಡ್ಡಿಯಲ್ಲಿ ಮಟ್ಟ ಏರಿದ್ದರೆ, ಡೀಸೆಲ್ ಎಲ್ಲಿಂದಲೋ ಒಳಕ್ಕೆ ಸೋರುತ್ತಿದೆ. ನೂರು ವರ್ಷಗಳ ಹಿಂದೆ ಫೋರ್ಡ್‌ಸನ್ನಿನಲ್ಲಿ ಸೀಮೆಎಣ್ಣೆ ಮಾಡುತ್ತಿದ್ದ ಕೆಲಸವೇ ಇದು. ಆಗ ಗಾಡಿಯನ್ನು ನಿಲ್ಲಿಸಿ ಮೇಸ್ತ್ರಿಯನ್ನು ಕರೆಯಬೇಕು. ಆಯಿಲ್ ಕಡಿಮೆಯಾಗುತ್ತಿಲ್ಲವೆಂದು ಹಿಗ್ಗಬಾರದು.

ಇಳಿಸಿದ ಹಳೆಯ ಎಣ್ಣೆಯನ್ನು ನಮ್ಮಲ್ಲಿ ಗೆದ್ದಲಿಗೆಂದು ಬೇಲಿಯ ಗೂಟಗಳಿಗೆ ಬಳಿಯುತ್ತಾರೆ, ಮಿಕ್ಕದ್ದನ್ನು ಕಾಲುವೆಯ ಬದುವಿಗೆ ಚೆಲ್ಲುತ್ತಾರೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ ಸೇರಬೇಕಾದದ್ದು. ನಮ್ಮೂರ ಗ್ಯಾರೇಜಿನ ಹುಡುಗ ಅದನ್ನು ಚೆಲ್ಲದೆ ಒಂದು ಡ್ರಮ್ಮಿನಲ್ಲಿ ಕೂಡಿಡುತ್ತಾನೆಂದು ತಿಳಿದು ಸಂತೋಷಪಟ್ಟು, ಯಾರಿಗೆ ಕೊಡುತ್ತೀಯಪ್ಪಾ ಎಂದು ಕೇಳಿದೆ. “ಗೊತ್ತಿಲ್ಲ ಮೇಷ್ಟ್ರೇ. ತಿಂಗಳಿಗೊಮ್ಮೆ ಒಂದು ಟೆಂಪೋ ಬರುತ್ತದೆ, ದುಡ್ಡು ಕೊಟ್ಟು ಒಯ್ಯುತ್ತಾರೆ” ಎಂದ. ಪಕ್ಕದ ಅಂಗಡಿಯ ಲೂಸ್ ಆಯಿಲಿನ ಡ್ರಮ್ಮು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ ಅವನು ನಕ್ಕನೇ ಹೊರತು ಉತ್ತರ ಕೊಡಲಿಲ್ಲ.